ಗುಡ್ಡದ ಬಂಡೆ ಮೇಲಿನ ಈ ದಪ್ಪ ಎಲೆಯ ಗಿಡ ವಾಂದರ್ ರೋಟಿಯೇ? ಪುಣೆಯ ಟೆರೇಸಿನಲ್ಲಿ ಬದುಕುತ್ತದೆಯೇ?

ಕೋಥ್ರೂಡ್_ಟೆರೇಸ್:

ಪುಣೆಯ ಪಶ್ಚಿಮಕ್ಕಿರುವ ಗುಡ್ಡವೊಂದರ ಬಂಡೆ ಇಳಿಜಾರಿನಲ್ಲಿ ಈ ಗಿಡ ಇದೆ. ಎತ್ತರ ಸುಮಾರು ಎರಡೂವರೆ ಅಡಿ. ಕಾಂಡ ಹೆಬ್ಬೆರಳಿನಷ್ಟು ದಪ್ಪ, ಬೂದು ಮಿಶ್ರಿತ ಹಸಿರು, ಉದ್ದಕ್ಕೂ ಉದುರಿದ ಎಲೆಗಳ ಗುರುತು. ಎಲೆಗಳು ಟೊಂಗೆಯ ತುದಿಯಲ್ಲಿ ಮಾತ್ರ ಗುಂಪಾಗಿವೆ. ಒಂದೊಂದು ಎಲೆ ಮೂರು ನಾಲ್ಕು ಇಂಚು, ಬುಡದಲ್ಲಿ ಕಿರಿದಾಗಿ ತುದಿಗೆ ಅಗಲ, ಅಂಚಿನಲ್ಲಿ ಹಲ್ಲುಗಳಿಲ್ಲ. ಬೆರಳಿನಿಂದ ಉಜ್ಜಿದರೆ ಮೇಣದಂಥ ಪುಡಿ ಹೋಗಿ ಒಳಗಿನ ಕಡುಹಸಿರು ಕಾಣುತ್ತದೆ. ಜನವರಿ ಕೊನೆಯ ಹೊತ್ತಿಗೆ ತುದಿಯಿಂದ ಉದ್ದನೆಯ ದಂಟು ಬಂದು ಮೂರ್ನಾಲ್ಕು ಹೂ ಬಿಟ್ಟಿದೆ. ಮಾಸಲು ಹಳದಿ ಬಣ್ಣ. ಸುತ್ತ ಎಸಳುಗಳಿಲ್ಲ, ಬರೀ ಕುಚ್ಚು.

ಫೋಟೋ ಹಾಕಿದರೆ ಆ್ಯಪ್ ಒಮ್ಮೆ ಕಳ್ಳಿ ಎನ್ನುತ್ತದೆ, ಒಮ್ಮೆ ಕಾಡುಬಸಳೆ. ಇಲ್ಲಿನವರು ವಾಂದರ್ ರೋಟಿ ಎನ್ನುತ್ತಾರೆ. ತಿಳಿದವರು ಮೂರು ವಿಷಯ ಹೇಳಿ:

ಇದು ಯಾವ ಗಿಡ, ಖಚಿತವಾಗಿ ಗುರುತಿಸುವುದು ಹೇಗೆ? ನಾಲ್ಕನೇ ಮಹಡಿಯ ಟೆರೇಸ್, ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು, ಅಲ್ಲಿ ಕುಂಡದಲ್ಲಿ ಬೆಳೆಯುತ್ತದೆಯೇ? ನಾಯಿ ಕಚ್ಚಿದ್ದಕ್ಕೆ ಇದು ಮದ್ದು ಎಂಬ ಮಾತು ನಿಜವೇ?

ದಖನ್_ಗಿಡಗಂಟಿ:

ನಿಮ್ಮ ವಿವರಣೆ ಸರಿಯಾಗಿದ್ದರೆ ಇದು ವಾಂದರ್ ರೋಟಿಯೇ. ಸಸ್ಯಶಾಸ್ತ್ರದ ಹೆಸರು ಕ್ಲೀನಿಯಾ ಗ್ರಾಂಡಿಫ್ಲೋರಾ. ಹಳೆಯ ಪುಸ್ತಕಗಳಲ್ಲಿ ನೊಟೋನಿಯಾ ಗ್ರಾಂಡಿಫ್ಲೋರಾ ಎಂದಿರುತ್ತದೆ, ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದ್ದು ಎಂದರೆ ನೋಡಿದವರು ನಂಬುವುದಿಲ್ಲ. ಹೂ ಬಿಡಿಸಿ ನೋಡಿ. ನಾವು ಒಂದು ಹೂ ಎನ್ನುವುದು ಅನೇಕ ಸಣ್ಣ ಕೊಳವೆ ಹೂಗಳ ಕಟ್ಟು. ಅದನ್ನು ಹೊರಗಿನಿಂದ ಹಸಿರು ಪಟ್ಟಿಗಳು ಒಂದೇ ಸಾಲಿನಲ್ಲಿ ಅಪ್ಪಿಕೊಂಡು ಲೋಟದಂತೆ ನಿಂತಿರುತ್ತವೆ. ಆ ಲೋಟದ ಬುಡದಲ್ಲಿ ಮಾತ್ರ ಒಂದೆರಡು ಪುಟಾಣಿ ಪಟ್ಟಿಗಳು. ಪ್ರತಿ ಕೊಳವೆಯ ಬಾಯಿಂದ ಎರಡು ಕವಲಾದ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಹೊರಗೆ ಚಾಚಿರುತ್ತದೆ, ಬುಡದಲ್ಲಿ ರೇಷ್ಮೆಯಂಥ ಬಿಳಿ ಕೂದಲು. ಸೂರ್ಯಕಾಂತಿಯಲ್ಲಿ ಕಾಣುವ ಅಂಚಿನ ಎಸಳು ಇದಕ್ಕೆ ಇಲ್ಲವೇ ಇಲ್ಲ.

ಆ್ಯಪ್ ಕಳ್ಳಿ ಎಂದದ್ದು ಸುಮ್ಮನೆ ಅಲ್ಲ. ಪುಣೆಯ ಗುಡ್ಡಗಳಲ್ಲಿ ಎಲೆಗಳ್ಳಿಯೂ ಇದೇ ಬಂಡೆಗಳ ಮೇಲೆ, ಇದೇ ರೀತಿ ತುದಿಯಲ್ಲಿ ಎಲೆ ಗುಂಪು ಮಾಡಿಕೊಂಡು ನಿಲ್ಲುತ್ತದೆ. ದೂರದಿಂದ ನೋಡಿದರೆ ಅಣ್ಣತಮ್ಮ. ವ್ಯತ್ಯಾಸ ಹತ್ತಿರ ಹೋದಾಗ ಕಾಣುತ್ತದೆ. ಎಲೆಗಳ್ಳಿಯಲ್ಲಿ ಎಲೆ ಹುಟ್ಟುವ ಜಾಗದಲ್ಲೇ ಜೋಡಿ ಮುಳ್ಳು ಇರುತ್ತವೆ, ಎಲೆ ಉದುರಿದ ಮೇಲೂ ಮುಳ್ಳು ಉಳಿಯುತ್ತದೆ. ವಾಂದರ್ ರೋಟಿಗೆ ಎಲ್ಲೂ ಮುಳ್ಳಿಲ್ಲ. ಎಲೆಗಳ್ಳಿಯಿಂದ ಹಾಲು ಬರುತ್ತದೆ, ಇದರಿಂದ ಬರುವುದು ನೀರಿನಂಥ ರಸ. ಆದರೆ ಹಾಲು ಬರುತ್ತದೋ ಎಂದು ನೋಡಲು ಗುಡ್ಡದಲ್ಲಿ ಎಲೆ ಮುರಿಯಬೇಡಿ. ಕಳ್ಳಿಯ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಉರಿ, ದೃಷ್ಟಿಗೂ ಅಪಾಯ. ಮುಳ್ಳು ನೋಡಿದರೆ ಸಾಕು.

ಕಾಡುಬಸಳೆಯನ್ನು ಇನ್ನೂ ಸುಲಭವಾಗಿ ಬೇರ್ಪಡಿಸಬಹುದು. ಅದರ ಎಲೆ ಎದುರುಬದುರು ಜೋಡಿಯಾಗಿ ಬರುತ್ತವೆ, ಅಂಚು ಕಚ್ಚುಕಚ್ಚು. ವಾಂದರ್ ರೋಟಿಯ ಎಲೆಗಳು ಒಂದಾದ ಮೇಲೊಂದು ಸುತ್ತಿಕೊಂಡು ಬರುತ್ತವೆ, ಅಂಚು ನಯ.

ಹರಹಿನ ವಿಷಯ: ಕ್ಲೀನಿಯಾ ಕುಲದ ಬಹುಪಾಲು ಗಿಡಗಳು ಆಫ್ರಿಕಾದವು, ಕೆಲವು ಅರೇಬಿಯಾ ಮತ್ತು ಕೆನರಿ ದ್ವೀಪಗಳವು. ನಮ್ಮ ಈ ಜಾತಿ ದಕ್ಷಿಣ ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾದ್ದು. ಅದರೊಳಗೂ ಒಣ ಬೆಟ್ಟ, ಬಂಡೆಯ ಬಿರುಕು, ಕುರುಚಲು ಕಾಡಿನ ಅಂಚು ಇಷ್ಟೇ ಇದರ ಮನೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಇದೆ. ಇರುವ ಜಾಗದಲ್ಲಿ ಹತ್ತಾರು ಸಿಗುತ್ತವೆ, ಪಕ್ಕದ ಕಣಿವೆಯಲ್ಲಿ ಒಂದೂ ಇರುವುದಿಲ್ಲ.

ಬೆಳಗಾವಿ_ಹಡಪ್ಸರ್:

ಇದು ಸೋನಕಿಯೇನ್ರೀ? ಅದೂ ಹಳದಿ, ಅದೂ ಇದೇ ಜಾತಿ ಅಂತ ಕೇಳಿದ್ದೆ.

ದಖನ್_ಗಿಡಗಂಟಿ:

ಸೋನಕಿ ಅಲ್ರೀ, ಆದರೆ ಹತ್ತಿರದ ನೆಂಟ. ಸೋನಕಿ ಎಂದರೆ ಸೆನೆಸಿಯೊ ಬಾಂಬೆಯೆನ್ಸಿಸ್, ಹಳೆಯ ಹೆಸರು ಸೆನೆಸಿಯೊ ಗ್ರಹಾಮಿ. ಸಾತಾರಾದ ಕಾಸ್ ಪ್ರಸ್ಥಭೂಮಿಯನ್ನು ಮಳೆಗಾಲದ ಕೊನೆಗೆ ಹಳದಿ ಮಾಡುವ ಹೂಗಳಲ್ಲಿ ಅದೂ ಒಂದು. ಅದಕ್ಕೆ ಅಂಚಿನ ಎಸಳುಗಳು ಎದ್ದು ಕಾಣುತ್ತವೆ, ಎಲೆ ತೆಳು, ಒಂದೇ ಮಳೆಗಾಲದಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ವಾಂದರ್ ರೋಟಿ ಬಹುವಾರ್ಷಿಕ. ಸೋನಕಿ ಒಣಗಿ ಹೋದ ಮೇಲೆ, ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಇದರ ಹೂಗಾಲ. ಜನವರಿಯಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿರುವಾಗ ಈ ಗಿಡ ಹೂ ಬಿಡುವುದು ಕಾಂಡದಲ್ಲಿ, ಎಲೆಯಲ್ಲಿ ಕೂಡಿಟ್ಟ ನೀರಿನ ಬಲದಿಂದ.

ಗರಸು_ಮಣ್ಣು:

ಬೆಳೆಸುವ ಪ್ರಶ್ನೆಗೆ ಬರುತ್ತೇನೆ. ಬೆಳೆಯುತ್ತದೆ, ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಎರಡು ಷರತ್ತು. ಕಡ್ಡಿ ಗುಡ್ಡದಿಂದ ಬರಬಾರದು, ಮಣ್ಣು ಅಂಗಡಿಯ ಚೀಲದಿಂದ ಬರಬಾರದು.

ಮೊದಲನೆಯದು ಕಾನೂನಿನ ಮಾತೂ ಹೌದು. ಪುಣೆ ಸುತ್ತಲಿನ ಅನೇಕ ಗುಡ್ಡಗಳು ಅರಣ್ಯ ಇಲಾಖೆಯ ವಶದಲ್ಲಿವೆ. ಮೀಸಲು ಅರಣ್ಯದಿಂದ ಗಿಡ, ಕಡ್ಡಿ ತೆಗೆಯುವುದು 1927ರ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಮನೆಯಲ್ಲಿ ಈಗಾಗಲೇ ಬೆಳೆಸಿದವರಿಂದ, ಇಲ್ಲವೇ ಸ್ಥಳೀಯ ಜಾತಿಗಳನ್ನೇ ಬೆಳೆಸುವ ನರ್ಸರಿಯಿಂದ ಕೇಳಿ ಪಡೆಯಿರಿ. ಒಂದು ದೊಡ್ಡ ಗಿಡದಿಂದ ಐದಾರು ಕಡ್ಡಿ ಆರಾಮಾಗಿ ಸಿಗುತ್ತವೆ, ಕೊಟ್ಟವರ ಗಿಡಕ್ಕೂ ಒಳ್ಳೆಯದೇ, ಕತ್ತರಿಸಿದ ಕಡೆ ಹೊಸ ಕವಲು ಬರುತ್ತವೆ.

ಮಣ್ಣಿನ ಅಳತೆ, ಎಂಟು ಇಂಚಿನ ಮಣ್ಣಿನ ಕುಂಡಕ್ಕೆ: ಗರಸು ಎರಡು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು. ಗರಸು ಎಂದರೆ ಪುಣೆಯಲ್ಲಿ ರಸ್ತೆ, ಮನೆ ಕೆಲಸಕ್ಕೆ ತರುವ ಮುರುಮ. ಅದನ್ನು ಹಾಗೇ ಹಾಕಬೇಡಿ. ಜರಡಿಯಲ್ಲಿ ಆಡಿಸಿ ದೂಳನ್ನೆಲ್ಲ ತೆಗೆದು, 3ರಿಂದ 6 ಮಿಲಿಮೀಟರ್ ಗಾತ್ರದ ಹರಳು ಮಾತ್ರ ಇಟ್ಟುಕೊಳ್ಳಿ. ದೂಳು ಉಳಿದರೆ ಎರಡು ಸಲ ನೀರು ಬಿದ್ದ ಮೇಲೆ ಸಿಮೆಂಟಿನಂತೆ ಗಟ್ಟಿ ಕೂರುತ್ತದೆ. ಎರೆಮಣ್ಣು ಒಂದು ಹಿಡಿಯೂ ಬೇಡ. ಕೋಕೋಪೀಟ್ ಬೇಡವೇ ಬೇಡ. ಮೇಲೆ ಒಣಗಿದಂತೆ ಕಂಡು ಒಳಗೆ ದಿನಗಟ್ಟಲೆ ತೇವ ಹಿಡಿದಿಡುತ್ತದೆ, ಬೇರು ಕೊಳೆಯುವುದು ಅಲ್ಲಿಂದಲೇ.

ತಯಾರಾದ ಮಿಶ್ರಣವನ್ನು ಪರೀಕ್ಷಿಸುವ ಬಗೆ ಇದು: ಕುಂಡ ತುಂಬಿ ಅರ್ಧ ಲೀಟರ್ ನೀರು ಒಮ್ಮೆಗೇ ಸುರಿಯಿರಿ. ಮೇಲ್ಮೈಯಲ್ಲಿ ನೀರು ನಿಲ್ಲದೆ ಇಳಿದು, ಅರ್ಧ ನಿಮಿಷದೊಳಗೆ ಕೆಳಗಿನ ತೂತಿನಿಂದ ಬರಬೇಕು. ಮೇಲೆ ಕೊಳ ಕಟ್ಟಿ ನಿಂತರೆ ಇನ್ನಷ್ಟು ಹರಳು ಸೇರಿಸಿ.

ಕಡ್ಡಿ ನೆಡುವುದು: 12ರಿಂದ 15 ಸೆಂಟಿಮೀಟರ್ ಉದ್ದ, ಪೆನ್ಸಿಲಿಗಿಂತ ದಪ್ಪ ಇರುವ ಟೊಂಗೆ. ಸ್ಪಿರಿಟಿನಲ್ಲಿ ಒರೆಸಿದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕತ್ತರಿಯಲ್ಲಿ ಕತ್ತರಿಸಿದರೆ ಮೆತ್ತನೆಯ ಕಾಂಡ ಜಜ್ಜಿಹೋಗುತ್ತದೆ. ಹೂದಂಟು ಇದ್ದರೆ ತೆಗೆದುಬಿಡಿ. ಕೆಳಗಿನ ಎಲೆಗಳನ್ನು ಬಿಡಿಸಿ ತುದಿಯ ನಾಲ್ಕೈದು ಎಲೆ ಇಟ್ಟುಕೊಳ್ಳಿ. ಗಾಳಿಯಾಡುವ ನೆರಳಲ್ಲಿ ಐದರಿಂದ ಏಳು ದಿನ ಒಣಗಲಿ. ಕತ್ತರಿಸಿದ ಮುಖ ಬೆಳ್ಳಗೆ ಗಟ್ಟಿಯಾಗಿ, ಉಗುರು ತಾಗಿಸಿದರೆ ಟಕ್ ಎನ್ನುವಂತಿರಬೇಕು. ಇನ್ನೂ ಅಂಟಂಟಾಗಿದ್ದರೆ ಮತ್ತೆರಡು ದಿನ ಬಿಡಿ. ಈ ಅವಸರದಲ್ಲೇ ಹೆಚ್ಚಿನ ಕಡ್ಡಿಗಳು ಹಾಳಾಗುವುದು.

ಆಮೇಲೆ ಒಣ ಮಿಶ್ರಣದಲ್ಲಿ 3-4 ಸೆಂಟಿಮೀಟರ್ ಆಳಕ್ಕೆ ಊರಿ, ವಾಲದಂತೆ ಪಕ್ಕಕ್ಕೊಂದು ಕೋಲು ಕಟ್ಟಿ. ಆಳಕ್ಕೆ ನೆಟ್ಟರೆ ಬೇಗ ಬೇರು ಬರುತ್ತದೆ ಎನ್ನುವುದು ಇದಕ್ಕೆ ಸಲ್ಲದು. ಮೊದಲ ವಾರ ಹನಿ ನೀರೂ ಬೇಡ. ಎರಡನೇ ವಾರದಿಂದ ವಾರಕ್ಕೊಮ್ಮೆ ಅರ್ಧ ಲೋಟ. ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ. ಎಳೆದು ನೋಡಬೇಡಿ. ನಡುವೆ ಹೊಸ ಎಲೆ ಮೂಡಿದರೆ ಬೇರು ಬಂದಿದೆ ಎಂದೇ ಅರ್ಥ.

ಪುಣೆಯಲ್ಲಿ ಇದಕ್ಕೆ ಸರಿಯಾದ ಹೊತ್ತು ಹೂ ಮುಗಿದ ಮೇಲೆ, ಫೆಬ್ರವರಿ ಕೊನೆಯಿಂದ ಮಾರ್ಚ್. ಗಾಳಿ ಒಣಗಿರುವುದರಿಂದ ಗಾಯ ಬೇಗ ಮಾಯುತ್ತದೆ, ಜೂನ್ ಹೊತ್ತಿಗೆ ಬೇರು ಗಟ್ಟಿಯಾಗಿರುತ್ತದೆ.

ಡೊಂಬಿವಲಿ_ಬಾಲ್ಕನಿ:

ಗರಸು ಅವರ ಅಳತೆ ಸರಿ. ಆದರೆ ಮುಂಬೈ, ಠಾಣೆ, ಗೋವಾ ಕಡೆಯವರು ಮಾರ್ಚಿನ ಬದಲು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ನೆಡುವುದು ಮೇಲು ಎಂದು ನನ್ನ ಅಭಿಪ್ರಾಯ. ಪುಣೆಯಲ್ಲಿ ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಮುಂಬೈಯಲ್ಲಿ 2000 ದಾಟುತ್ತದೆ, ಬೇಸಿಗೆಯಲ್ಲೂ ಗಾಳಿಯಲ್ಲಿ ಪಸೆ. ಮಾರ್ಚಿನಲ್ಲಿ ನೆಟ್ಟ ಗಿಡಕ್ಕೆ ಮೂರು ತಿಂಗಳಲ್ಲಿ ಇಂಥ ಮಳೆಗಾಲ ಎದುರಿಸುವ ಬೇರಿರುವುದಿಲ್ಲ. ನವೆಂಬರಿನಲ್ಲಿ ನೆಟ್ಟರೆ ಇಡೀ ಚಳಿಗಾಲ, ಬೇಸಿಗೆ ಕೈಯಲ್ಲಿರುತ್ತದೆ. ಅನಾನುಕೂಲವೆಂದರೆ ಆಗ ಕಾಂಡದಲ್ಲಿ ನೀರು ತುಂಬಿರುತ್ತದೆ, ಒಣಗಿಸಲು ಹತ್ತು ದಿನವಾದರೂ ಬೇಕು. ಮೊಗ್ಗು ಬಂದರೆ ಚಿವುಟಬೇಕು.

ಕರಾವಳಿಯವರು ಜೂನಿನಿಂದ ಸೆಪ್ಟೆಂಬರ್ ಕೊನೆವರೆಗೆ ಕುಂಡವನ್ನು ಮಾಡಿನಡಿ ಇಡಲೇಬೇಕು, ಬೆಳಕು ಮಾತ್ರ ಕಡಿಮೆಯಾಗಬಾರದು. ಗೋವಾದಲ್ಲಿ ಗರಸು ಹುಡುಕಿಕೊಂಡು ಹೋಗಬೇಡಿ. ಮುರಕಲ್ಲು ಕುಟ್ಟಿ, ಜರಡಿ ಹಿಡಿದು, ಕೆಂಪು ದೂಳನ್ನು ನೀರಲ್ಲಿ ತೊಳೆದು ತೆಗೆದರೆ ಅದೇ ಕೆಲಸ ಮಾಡುತ್ತದೆ.

ಗರಸು_ಮಣ್ಣು:

ಒಪ್ಪಿದೆ, ಕರಾವಳಿಗೆ ನವೆಂಬರ್ ಸರಿ. ಪುಣೆಯಲ್ಲಿ ಮಾರ್ಚ್ ಬಿಡಬೇಡಿ, ಅಕ್ಟೋಬರಿನಲ್ಲಿ ತುದಿ ಕತ್ತರಿಸಿದರೆ ಆ ಟೊಂಗೆಯ ಹೂ ಆ ವರ್ಷ ಹೋದ ಹಾಗೆ. ಹೂದಂಟು ಬರುವುದು ತುದಿಯಿಂದಲೇ.

ಟೆರೇಸಿನ ವಿಷಯ ಹೇಳದೆ ಬಿಟ್ಟಿದ್ದೆ. ಪಡುವಣ ಬಿಸಿಲು ತೊಂದರೆಯಲ್ಲ, ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ತೊಂದರೆ ಕೊಡುವುದು ಕಾದ ಸ್ಲ್ಯಾಬು. ಏಪ್ರಿಲಿನಲ್ಲಿ ನೆಲಕ್ಕೆ ತಾಗಿದ ಕುಂಡದೊಳಗಿನ ಬೇರು ಬೇಯುತ್ತದೆ. ಎರಡು ಇಟ್ಟಿಗೆ ಮೇಲೆ ಎತ್ತಿಡಿ, ಕೆಳಗೆ ಗಾಳಿ ಆಡಲಿ, ತೂತೂ ಕಟ್ಟುವುದಿಲ್ಲ. ಅಡಿಗೆ ತಟ್ಟೆ ಇಡಬೇಡಿ.

ನೀರು ಕೊಡುವುದಕ್ಕೆ ವಾರದ ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ಉರಿದು ಮುಗಿದ ಊದಿನಕಡ್ಡಿ ಮೇಲು. ಅದರ ಬಿದಿರು ಕಡ್ಡಿಯನ್ನು ಏಳೆಂಟು ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ, ಕಡ್ಡಿ ತಂಪಾಗಿದ್ದರೆ ನೀರು ಬೇಡ. ಪೂರ್ತಿ ಒಣಗಿ ಬಂದರೆ ತೂತಿನಿಂದ ಹರಿಯುವಷ್ಟು ಕೊಡಿ, ಎಂಟು ಇಂಚಿನ ಕುಂಡಕ್ಕೆ 300-400 ಮಿಲಿಲೀಟರ್ ಆಗಬಹುದು. ದಿನಾ ಒಂದೊಂದು ಚಮಚ ಚಿಮುಕಿಸುವುದು ಈ ಗಿಡಕ್ಕೆ ಮಾಡುವ ದೊಡ್ಡ ಅನ್ಯಾಯ. ಗುಡ್ಡದಲ್ಲೂ ಇದಕ್ಕೆ ಮಳೆ ಬೀಳುತ್ತದೆ, ಜೋರಾಗಿಯೇ ಬೀಳುತ್ತದೆ. ಆದರೆ ಇಳಿಜಾರಿನ ಬಿರುಕಿನಿಂದ ನೀರು ಆಗಲೇ ಜಾರಿ ಹೋಗಿ, ಬೇರಿನ ಸುತ್ತ ಗಾಳಿ ತುಂಬುತ್ತದೆ. ಕುಂಡದಲ್ಲೂ ಹಾಗೇ ಆಗಬೇಕು.

ಗೊಬ್ಬರ ವರ್ಷಕ್ಕೊಮ್ಮೆ, ಜೂನ್ ಮೊದಲಿಗೆ ಒಂದು ಹಿಡಿ ಎರೆಹುಳು ಗೊಬ್ಬರ. ಯೂರಿಯಾ, ಡಿಎಪಿ ಹಾಕಿದರೆ ಕಾಂಡ ಉದ್ದವಾಗಿ ಬೆಳೆದು ತನ್ನ ಎಲೆಯ ಭಾರಕ್ಕೇ ಬಾಗುತ್ತದೆ, ಹೂ ಬರುವುದಿಲ್ಲ.

ಕೋಥ್ರೂಡ್_ಟೆರೇಸ್:

ಬಹಳ ಉಪಕಾರವಾಯಿತು. ಪರಿಚಯದವರೊಬ್ಬರು ಕುಂಡದಲ್ಲಿ ಬೆಳೆಸಿರುವ ಗಿಡದಿಂದ ಕಡ್ಡಿ ಕೊಡಲು ಒಪ್ಪಿದ್ದಾರೆ. ಆದರೆ ಆ ಗಿಡದ ಬುಡ ಮೆತ್ತಗಾಗಿ ಕಪ್ಪಾಗುತ್ತಿದೆ, ಎಲೆಯೂ ಸುಕ್ಕುಗಟ್ಟಿದೆ. ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಪದಾರ್ಥ ಬೇರೆ. ಅಂಥ ಗಿಡದ ಕಡ್ಡಿ ತೆಗೆದುಕೊಳ್ಳಬಹುದೇ?

ಡೊಂಬಿವಲಿ_ಬಾಲ್ಕನಿ:

ತೆಗೆದುಕೊಳ್ಳಿ, ತಡಮಾಡಬೇಡಿ. ಬುಡದ ಕೊಳೆ ಮೇಲೇರುತ್ತದೆ, ಇವತ್ತು ಸಿಗುವ ಕಡ್ಡಿ ಹದಿನೈದು ದಿನ ಬಿಟ್ಟರೆ ಸಿಗಲಿಕ್ಕಿಲ್ಲ.

ಎಲೆ ಸುಕ್ಕಾದರೆ ಎಲ್ಲರೂ ಬಾಯಾರಿಕೆ ಎಂದುಕೊಂಡು ನೀರು ಸುರಿಯುತ್ತಾರೆ. ಸುಕ್ಕಿಗೆ ಎರಡು ಕಾರಣ ಇರಬಹುದು. ನೀರಿಲ್ಲದೆ ಸುಕ್ಕಾದ ಗಿಡದ ಕಾಂಡ ಹಿಂಡಿದರೆ ಬುಡದಿಂದ ತುದಿವರೆಗೂ ಗಟ್ಟಿ ಇರುತ್ತದೆ, ನೀರು ಕೊಟ್ಟ ಎರಡು ಮೂರು ದಿನಕ್ಕೆ ಎಲೆ ತುಂಬಿಕೊಳ್ಳುತ್ತದೆ. ಬೇರು ಕೊಳೆತು ಸುಕ್ಕಾದದ್ದಾದರೆ ಮಣ್ಣು ಹಸಿಯಾಗಿದ್ದೂ ಎಲೆ ಸುಕ್ಕು, ಬುಡ ಮೆತ್ತಗೆ. ನೀವು ಹೇಳುತ್ತಿರುವುದು ಎರಡನೆಯದು. ಅದಕ್ಕೆ ನೀರು ಹಾಕಿದಷ್ಟೂ ಕೇಡು.

ಕಪ್ಪು ಕಾಣುವ ಜಾಗದಿಂದ ಐದು ಸೆಂಟಿಮೀಟರ್ ಮೇಲೆ ಕತ್ತರಿಸಿ ಒಳಮುಖ ನೋಡಿ. ತಿಳಿಹಸಿರು, ಬಿಳಿ ತಿರುಳು ಸ್ವಚ್ಛವಾಗಿರಬೇಕು. ಸುತ್ತಲಿನ ಉಂಗುರದಲ್ಲಿ ಕಂದು ಚುಕ್ಕಿ ಕಂಡರೆ ಅದು ನೀರು ಸಾಗುವ ನಾಳಗಳಿಗೂ ಹಬ್ಬಿದ ಕೊಳೆ. ಬ್ಲೇಡನ್ನು ಸ್ಪಿರಿಟಿನಿಂದ ಒರೆಸಿ ಇನ್ನೆರಡು ಸೆಂಟಿಮೀಟರ್ ಮೇಲೆ ಕತ್ತರಿಸಿ, ಚುಕ್ಕಿ ಕಾಣದಾಗುವವರೆಗೆ ಹೀಗೇ. ಪ್ರತಿ ಸಲ ಒರೆಸದಿದ್ದರೆ ಬ್ಲೇಡೇ ರೋಗ ಹಚ್ಚುತ್ತದೆ. ಕೊನೆಗೆ ಗಾಯಕ್ಕೆ ಗಂಧಕದ ಪುಡಿ ತೆಳ್ಳಗೆ ಸವರಿ ಒಣಗಿಸಿ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.

ಬಿಳಿ ಹತ್ತಿ ಹಿಟ್ಟುತಿಗಣೆ. ಸರ್ಜಿಕಲ್ ಸ್ಪಿರಿಟಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ಒರೆಸಿ, ಐದು ದಿನಕ್ಕೊಮ್ಮೆ, ಮೂರು ಸಲ. ಒಮ್ಮೆಗೆ ಮೊಟ್ಟೆ ಸಾಯುವುದಿಲ್ಲ, ಅದಕ್ಕೇ ಮೂರು ಸಲ. ಬೇವಿನೆಣ್ಣೆಯನ್ನು ಇಡೀ ಗಿಡಕ್ಕೆ ಸಿಂಪಡಿಸುವುದು ಈ ಗಿಡಕ್ಕೆ ಹೊಂದುವುದಿಲ್ಲ. ಎಲೆ ಮೇಲಿನ ಮೇಣದ ಪುಡಿ ಎಣ್ಣೆಗೆ ಕರಗಿ ಹೋಗುತ್ತದೆ. ಆ ಪುಡಿಯೇ ಬಿಸಿಲಿಗೆ ಅದರ ಕೊಡೆ. ಹೋದ ಕಡೆ ಕಂದು ಕಲೆ ಬೀಳುತ್ತದೆ, ಆ ಎಲೆಯಲ್ಲಿ ಪುಡಿ ಮತ್ತೆ ಸರಿಯಾಗಿ ಕೂಡುವುದಿಲ್ಲ. ಹೂದಂಟಿಗೆ ಹೇನು ಹತ್ತಿದರೂ ಬರೀ ನೀರಿನ ಸಣ್ಣ ಧಾರೆ ಬಿಟ್ಟು ಉದುರಿಸಿದರೆ ಸಾಕು.

ಕುಂಡದಿಂದ ಕಿತ್ತಾಗ ಒಳಗೋಡೆಗೆ ಬಿಳಿ ಬೂದಿ ಅಂಟಿದ್ದು ಕಂಡರೆ ಬೇರಿಗೂ ತಿಗಣೆ ಇದೆ ಎಂದು ತಿಳಿಯಿರಿ. ಆಗ ಬೇರಿನ ಆಸೆ ಬಿಟ್ಟು ಮೇಲಿನ ಕಡ್ಡಿ ಮಾತ್ರ ಉಳಿಸಿಕೊಳ್ಳಿ.

ಪಶುವೈದ್ಯ_ಸಾತಾರಾ:

ನಾಯಿ ಕಡಿತದ ಮಾತನ್ನು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ನಂಬಿಕೆಗೆ ಲಿಖಿತ ಚರಿತ್ರೆಯೇ ಇದೆ. ಪುಣೆ ಹತ್ತಿರದ ದಾಪೋಡಿ ಸಸ್ಯೋದ್ಯಾನವನ್ನು ನೋಡಿಕೊಂಡಿದ್ದ, 1847ರಲ್ಲಿ ಮುಂಬೈ ಪ್ರಾಂತ್ಯದ ಅರಣ್ಯ ಸಂರಕ್ಷಕನಾದ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ 1860ರಲ್ಲಿ ಈ ಗಿಡವನ್ನು ಹುಚ್ಚುನಾಯಿ ಕಡಿತಕ್ಕೆ ತಡೆಮದ್ದು ಎಂದು ಮುಂದಿಟ್ಟ. ಕೆಲವರಿಗೆ ಕೊಟ್ಟು ನೋಡಿದ್ದೂ ಆಯಿತು. ಆದರೆ ಅಂಥವರಲ್ಲಿ ಹೆಚ್ಚಿನವರ ಗಾಯವನ್ನು ಸುಡುಮದ್ದಿನಿಂದ ಸುಟ್ಟೂ ಇದ್ದರು. ಉಳಿದವರು ಯಾವುದರಿಂದ ಉಳಿದರು ಎಂದು ಹೇಳಲು ಬರುವಂತಿರಲಿಲ್ಲ. ಇನ್ನೊಂದು ಮಾತು: ಹುಚ್ಚುನಾಯಿ ಕಚ್ಚಿದ ಎಲ್ಲರಿಗೂ ರೋಗ ಬರುವುದಿಲ್ಲ, ಹಾಗಾಗಿ ಯಾವ ಸೊಪ್ಪು ತಿಂದರೂ ಕೆಲವರು ಬದುಕುತ್ತಾರೆ, ಹೆಸರು ಸೊಪ್ಪಿಗೆ ಬರುತ್ತದೆ. ಪಾಶ್ಚರ್ ಲಸಿಕೆ ಮನುಷ್ಯರ ಮೇಲೆ ಪ್ರಯೋಗವಾದದ್ದು 1885ರಲ್ಲಿ. ಅದಕ್ಕೂ ಮೊದಲಿನ, ಬೇರೆ ದಾರಿಯೇ ಇಲ್ಲದ ಕಾಲದ ಮಾತು ಇದು.

ಇವತ್ತು ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ: ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ, ಯಾವ ಎಲೆಯ ರಸವನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ, ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಸೂಜಿ) ಬೇಕೇ ಎಂದು ವೈದ್ಯರನ್ನು ಕೇಳಿ. ಹೇಳಿದ ದಿನಗಳಲ್ಲಿ ಎಲ್ಲ ಸೂಜಿಯೂ ಆಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಯಾರ ಕೈಯಲ್ಲೂ ಇಲ್ಲ.

ಹೆಸರಲ್ಲಿ ರೋಟಿ ಇದೆ ಎಂದು ಎಲೆ ತಿನ್ನುವುದೂ ಬೇಡ. ಸೆನೆಸಿಯೊ ಬಳಗದ ಅನೇಕ ಗಿಡಗಳಲ್ಲಿ ಪಿತ್ತಜನಕಾಂಗವನ್ನು ಕೆಡಿಸುವ ಪೈರೊಲಿಜಿಡಿನ್ ಆಲ್ಕಲಾಯ್ಡುಗಳಿರುತ್ತವೆ. ಆ ಬಳಗದ ಕಳೆ ಮೇಯ್ದು ದನ, ಕುದುರೆ ಸತ್ತದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಮನೆಯಲ್ಲಿ ಆಡು, ಮೊಲ ಇದ್ದರೆ ಕುಂಡ ಅವಕ್ಕೆ ಎಟುಕದಂತಿರಲಿ.

ಬೆಳಗಾವಿ_ಹಡಪ್ಸರ್:

ಬೀಜದಿಂದ ಬರೂದಿಲ್ಲೇನ್ರೀ? ಕಡ್ಡಿ ಸಿಗದವರು ಏನ್ ಮಾಡಬೇಕು?

ದಖನ್_ಗಿಡಗಂಟಿ:

ಬರುತ್ತದೆ, ತಾಳ್ಮೆ ಬೇಕು. ಹೂ ಬಾಡಿದ ಮೇಲೆ ಹಸಿರು ಲೋಟ ಒಣಗಿ, ಪಟ್ಟಿಗಳು ಹಿಂದಕ್ಕೆ ಮಡಚಿ, ಬಿಳಿ ಕೂದಲಿನ ಗುಂಡು ಅರಳುತ್ತದೆ. ಗಾಳಿ ಬಂದರೆ ಅರ್ಧ ದಿನದಲ್ಲಿ ಖಾಲಿ. ಹಾಗಾಗಿ ಲೋಟದ ಬಾಯಲ್ಲಿ ಬಿಳಿ ಕೂದಲು ಇಣುಕಿದ ಕೂಡಲೇ ತೆಳು ಬಟ್ಟೆಯ ಚೀಲ ಕಟ್ಟಬೇಕು. ಪ್ಲಾಸ್ಟಿಕ್ ಕಟ್ಟಿದರೆ ಬೆವರಿ ಬೂಷ್ಟು ಹಿಡಿಯುತ್ತದೆ.

ಬೀಜಗಳನ್ನು ಬಿಳಿ ಕಾಗದದ ಮೇಲೆ ಹರಡಿ ಉಗುರಿನಿಂದ ಮೆಲ್ಲಗೆ ಒತ್ತಿ. ಗಟ್ಟಿ ಇರುವುದು ಬೀಜ, ಚಪ್ಪಟೆಯಾಗುವುದು ಜೊಳ್ಳು. ಎಲ್ಲವೂ ಜೊಳ್ಳಾದರೆ ಮೊದಲು ಅನುಮಾನಿಸಬೇಕಾದದ್ದು ನಂಟಸ್ತಿಕೆಯನ್ನು. ಈ ಕುಟುಂಬದ ಬಹಳ ಗಿಡಗಳು ತಮ್ಮ ಪರಾಗವನ್ನು ತಾವೇ ಒಲ್ಲವು. ಒಂದೇ ತಾಯಿಗಿಡದ ಹತ್ತು ಕಡ್ಡಿ ನೆಟ್ಟರೂ ಅವೆಲ್ಲ ಒಂದೇ ಗಿಡ ಇದ್ದಂತೆ. ಬೇರೆ ಮನೆಯ, ಬೇರೆ ಮೂಲದ ಗಿಡ ಹೂ ಬಿಟ್ಟಾಗ ಪಕ್ಕಕ್ಕಿಟ್ಟು, ಮೆತ್ತನೆಯ ಕುಂಚದಿಂದ ಒಂದರ ಕುಚ್ಚಿಗೆ ತಾಗಿಸಿ ಇನ್ನೊಂದಕ್ಕೆ ಸವರಿ. ಕೊಳವೆ ಹೂಗಳು ಅಂಚಿನಿಂದ ನಡುವಿಗೆ ದಿನಕ್ಕೊಂದಿಷ್ಟು ತೆರೆಯುತ್ತವೆ, ಆದ್ದರಿಂದ ಒಂದು ದಿನ ಸವರಿದರೆ ಸಾಲದು, ನಾಲ್ಕೈದು ದಿನ ಬೆಳಿಗ್ಗೆ ಮಾಡಿ.

ಬಿತ್ತುವುದು ಅದೇ ವರ್ಷ, ಹಳತಾದಷ್ಟೂ ಮೊಳೆಯುವುದು ಕಡಿಮೆ. ಅದೇ ಗರಸಿನ ಮಿಶ್ರಣವನ್ನು ಇನ್ನಷ್ಟು ಸಣ್ಣಗೆ ಜರಡಿ ಹಿಡಿದು ತಟ್ಟೆಯಲ್ಲಿ ತುಂಬಿ, ಬೀಜ ಮೇಲೆ ಇಟ್ಟು ಎರಡು ಮಿಲಿಮೀಟರ್ ಮರಳು ಉದುರಿಸಿ. ನೀರು ಮೇಲಿನಿಂದ ಹಾಕಿದರೆ ಕೂದಲಿನ ಸಮೇತ ತೇಲಿ ಒಂದು ಮೂಲೆ ಸೇರುತ್ತವೆ, ತಟ್ಟೆಯನ್ನೇ ನೀರಲ್ಲಿ ಹತ್ತು ನಿಮಿಷ ಕೂರಿಸಿ ತೆಗೆಯಿರಿ. ಸಸಿಗೆ ನಾಲ್ಕು ಎಲೆ ಬರುವವರೆಗೆ ಕಡು ಬಿಸಿಲು ಬೇಡ, ಆಮೇಲೆ ವಾರಕ್ಕೊಂದು ಗಂಟೆಯಂತೆ ಬಿಸಿಲು ಹೆಚ್ಚಿಸುತ್ತ ಹೋಗಿ.

ಕೋಥ್ರೂಡ್ ಅವರೇ, ಗುಡ್ಡದ ಹೆಸರನ್ನು ನೀವು ಬರೆಯದಿದ್ದದ್ದು ಒಳ್ಳೆಯದಾಯಿತು. ಫೋಟೋ ಹಾಕುವಾಗಲೂ ಅದರೊಳಗಿನ ಜಾಗದ ಗುರುತು ತೆಗೆದು ಹಾಕಿ. ರಸಭರಿತ ಗಿಡಗಳನ್ನು ಬೇರುಸಹಿತ ಕಿತ್ತು ಮಾರುವವರಿದ್ದಾರೆ. ಇದು ಬೆಳೆಯುವುದು ನಿಧಾನ, ಬಂಡೆಯ ಬಿರುಕಿನಲ್ಲಿ ಒಂದು ಬೀಜ ನೆಲೆಯೂರುವುದು ಎಲ್ಲ ವರ್ಷವೂ ಆಗುವ ಮಾತಲ್ಲ. ಚಳಿಗಾಲದ ನಂತರ ಒಣಹುಲ್ಲಿಗೆ ಬೆಂಕಿ ಇಡುವುದೂ ಗಿಡ ನೆಡುವ ಉತ್ಸಾಹದಲ್ಲಿ ಬಂಡೆ ಇಳಿಜಾರಿನಲ್ಲಿ ಗುಂಡಿ ತೋಡುವುದೂ ಇದರ ಜಾಗವನ್ನೇ ಕಸಿಯುತ್ತವೆ. ಟೇಕಡಿಯ, ಅಂದರೆ ಗುಡ್ಡದ, ಗೆಳೆಯರ ಗುಂಪುಗಳಲ್ಲಿ ನೀವಿದ್ದರೆ ಈ ವಿಷಯ ಎತ್ತಿ. ಬರಡು ಎಂದು ಕಾಣುವ ಬಂಡೆಯನ್ನು ಗುಂಡಿ ತೋಡದೆ ಹಾಗೇ ಬಿಡಬೇಕು.

ಗುರುತು ಖಚಿತವಾಗಬೇಕೆಂದರೆ ಕೊರೆಗಾಂವ್ ರಸ್ತೆಯ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರದಲ್ಲಿ ಒಣಸಸ್ಯ ಸಂಗ್ರಹವಿದೆ, ಮುಂಬೈಯವರಿಗೆ ಸೇಂಟ್ ಜೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ. ಗಿಡ ಕಿತ್ತು ಒಯ್ಯುವುದು ಬೇಡ. ಇಡೀ ಗಿಡ, ಎಲೆಯ ಎರಡೂ ಮುಖ, ಹೂವಿನ ಲೋಟದ ಪಕ್ಕನೋಟ, ಬುಡದ ಪುಟಾಣಿ ಪಟ್ಟಿಗಳು, ಕಾಂಡದ ಮೇಲಿನ ಎಲೆಗುರುತು, ಈ ಐದು ಫೋಟೋ, ಪ್ರತಿಯೊಂದರಲ್ಲೂ ಪಕ್ಕಕ್ಕೊಂದು ಅಳತೆಪಟ್ಟಿ.

ಕೋಥ್ರೂಡ್_ಟೆರೇಸ್:

ಜಾಗದ ಗುರುತು ತೆಗೆದು ಫೋಟೋ ಮತ್ತೆ ಹಾಕಿದ್ದೇನೆ. ಮೂರನೆಯದರಲ್ಲಿ ಪುಟಾಣಿ ಪಟ್ಟಿಗಳು ಕಾಣುತ್ತವೆ, ನೋಡಿ ಹೇಳಿ.

ದಖನ್_ಗಿಡಗಂಟಿ:

ನೋಡಿದೆ. ಮುಳ್ಳಿಲ್ಲ, ಲೋಟದ ಪಟ್ಟಿ ಒಂದೇ ಸಾಲು, ಎಸಳಿಲ್ಲ. ವಾಂದರ್ ರೋಟಿಯೇ.